ಗುಂಪಿಗೆ ಸಾಕ್ಷಿಯುಂಟೇ?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಆಷಾಢ ಶುದ್ಧ ಏಕಾದಶಿಯು ಪ್ರಥಮೈಕಾದಶಿ ಎಂದು ನಮ್ಮಲ್ಲಿ ಪ್ರಸಿದ್ಧವಾಗಿದೆ. ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುವ ಈ ಪರ್ವಕಾಲದಲ್ಲಿ ಚಾತುರ್ಮಾಸ್ಯ ವ್ರತವು ಆರಂಭವಾಗುವುದು. ರೋಣ, ನರಗುಂದ, ಗಜೇಂದ್ರಗಡ ಪ್ರಾಂತದ ಆಸ್ತಿಕ ಕುಟುಂಬಗಳು ಅಂದು ಉಪವಾಸವಿದ್ದು, ಶ್ರೀಗಳವರ ಸನ್ನಿಧಿ ದೊರೆತಲ್ಲಿ ತಪ್ತಮುದ್ರಾಧಾರಣೆಯನ್ನು ಮಾಡಿಸಿಕೊಂಡು, ಮಠಮಂದಿರಗಳಲ್ಲಿ ಪಾರಾಯಣ ಭಜನಾದಿಗಳಿಗೆ ಕೂಡುವುದು ವಾಡಿಕೆ. ಹೀಗೆ ಅನೇಕರು ಒಂದೆಡೆ ಸೇರುವ ಕಾಲವಾದುದರಿಂದ, ಸೇರುವುದು ಎಂದರೇನು ಎಂಬ ವಿಷಯವನ್ನೇ ಈ ಪ್ರವಚನದಲ್ಲಿ ಸ್ವಲ್ಪ ವಿಚಾರ ಮಾಡೋಣ.

"ಊರಿಗೆ ಊರೇ ಸಿಟ್ಟಾಯಿತು" ಎನ್ನುತ್ತೇವೆ. "ಸಮಾಜ ಇದನ್ನು ಒಪ್ಪುವುದಿಲ್ಲ" ಎನ್ನುತ್ತೇವೆ. "ಜನ ಏನೆಂದಾರು" ಎಂದು ಅಂಜುತ್ತೇವೆ. ಊರಿಗೆ ಮನಸ್ಸು ಇದೆಯೇ? ಸಮಾಜವು ತನ್ನನ್ನು ತಾನು "ನಾನು" ಎಂದು ತಿಳಿಯಬಲ್ಲುದೇ? ಸಿಟ್ಟಾದ ಊರಿಗೆ ಮರುದಿನ ಪಶ್ಚಾತ್ತಾಪವಾಗುವುದುಂಟೇ? ಆಗುವುದಾದರೆ ಯಾರಿಗೆ ಆಗುವುದು?

ಇದು ಕೇವಲ ಶಬ್ದಚರ್ಚೆಯಲ್ಲ. ಪಾಶ್ಚಾತ್ಯ ವಿದ್ವಾಂಸರೂ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿದ್ದಾರೆ. ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಎಂಬವರು 1893ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಒಂದು ಸಮಾಜದ ಜನರಲ್ಲಿ ಸಮಾನವಾಗಿರುವ ನಂಬಿಕೆ ಭಾವನೆಗಳೆಲ್ಲ ಸೇರಿ ಒಂದು ಸಾಮೂಹಿಕ ಪ್ರಜ್ಞೆಯಾಗುವುದೆಂದೂ, ಅದು ವ್ಯಕ್ತಿಯನ್ನು ಮೀರಿ ಬಾಳುವುದೆಂದೂ ಹೇಳಿದರು. ಅದೇ ದೇಶದ ಗುಸ್ತಾವ್ ಲೆ ಬಾನ್ ಎಂಬವರು 1895ರಲ್ಲಿ, ಗುಂಪಿನಲ್ಲಿ ಸೇರಿದ ಮನುಷ್ಯನು ಒಂಟಿಯಾಗಿ ಎಂದೂ ಮಾಡದ ಕಾರ್ಯವನ್ನು ಮಾಡಿಬಿಡುತ್ತಾನೆಂದು ಬರೆದರು. ಇವರು ಕಂಡದ್ದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಆ ಪ್ರಜ್ಞೆಯ ಆಶ್ರಯ ಯಾವುದು, ಅದನ್ನು ಅನುಭವಿಸುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಸಿದ್ಧಾಂತವು ಕೊಡುವ ಉತ್ತರವು ಬೇರೆಯೇ ಆಗಿದೆ.

ಸಾಕ್ಷಿಯ ಸ್ವರೂಪ

ಶ್ರೀಮದಾಚಾರ್ಯರು ಜ್ಞಾನವಿಚಾರದಲ್ಲಿ ಸಾಕ್ಷಿಗೆ ಕೊಟ್ಟಿರುವ ಸ್ಥಾನವು ಅಸಾಧಾರಣವಾದುದು. ಕಣ್ಣು, ಕಿವಿ ಮೊದಲಾದ ಐದು ಇಂದ್ರಿಯಗಳೂ ಮನಸ್ಸೂ ಪ್ರಕೃತಿಯಿಂದ ಆದವು, ದೇಹದೊಡನೆ ಬಂದವು. ಸಾಕ್ಷಿಯಾದರೋ ಜೀವನ ಸ್ವರೂಪವೇ ಆಗಿರುವ ಇಂದ್ರಿಯ. ಟೀಕಾಕೃತ್ಪಾದರಾದ ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಈ ಸಾಕ್ಷಿಗೆ ವಿಷಯವಾಗುವ ಪದಾರ್ಥಗಳನ್ನು ಎಣಿಸಿದ್ದಾರೆ: ಆತ್ಮಸ್ವರೂಪ, ಅದರ ಧರ್ಮಗಳು, ಅವಿದ್ಯೆ, ಮನಸ್ಸು, ಮನಸ್ಸಿನ ವೃತ್ತಿಗಳು, ಸುಖದುಃಖಗಳು, ಕಾಲ, ಅವ್ಯಾಕೃತಾಕಾಶ ಇತ್ಯಾದಿ. ಸಿಟ್ಟು ಮನಸ್ಸಿನಲ್ಲಿ ಏಳುವುದು. "ನನಗೆ ಸಿಟ್ಟು ಬಂದಿದೆ" ಎಂದು ಅರಿಯುವುದು ಸಾಕ್ಷಿ. ಮನಸ್ಸು ತಪ್ಪಬಲ್ಲುದು, ಹಗ್ಗವನ್ನು ಹಾವೆನ್ನಬಲ್ಲುದು. ಸಾಕ್ಷಿಯು ಸುಖವನ್ನು ದುಃಖವೆಂದು ತಪ್ಪಿ ತಿಳಿಯದು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳತಕ್ಕದ್ದು.

ಸುಲಭವಾದ ನಿದರ್ಶನ ನಿದ್ರೆಯದು. ರಾತ್ರಿ ಊರೆಲ್ಲ ಮಲಗುವುದು. ಗಾಢನಿದ್ರೆಯಲ್ಲಿ ಕಣ್ಣಿಲ್ಲ, ಕಿವಿಯಿಲ್ಲ, ಮನಸ್ಸಿನ ವ್ಯಾಪಾರವೂ ಇಲ್ಲ. ಆದರೂ ಬೆಳಿಗ್ಗೆ ಎದ್ದವನು "ಸುಖವಾಗಿ ನಿದ್ರಿಸಿದೆ" ಎನ್ನುತ್ತಾನೆ. ಆ ಸುಖವನ್ನು ಕಂಡವರು ಯಾರು? ಸಾಕ್ಷಿಯೇ. ಊರೆಲ್ಲ ಒಂದೇ ರಾತ್ರಿಯಲ್ಲಿ ಮಲಗಿದ್ದರೂ ಒಬ್ಬೊಬ್ಬನೂ ತನ್ನ ತನ್ನ ನಿದ್ರೆಯನ್ನಷ್ಟೇ ನೆನೆಯುತ್ತಾನೆ. ನೆರೆಮನೆಯವನ ನಿದ್ರೆ ಇವನ ನೆನಪಿಗೆ ಬಾರದು. ಒಬ್ಬನ ಹಲ್ಲುನೋವನ್ನು ಇನ್ನೊಬ್ಬನು ಅನುಕಂಪದಿಂದ ಊಹಿಸಬಲ್ಲನೇ ಹೊರತು ಅನುಭವಿಸಲಾರ. ಜೀವಜೀವರಿಗೆ ಭೇದವುಂಟೆಂಬುದಕ್ಕೆ ಇದಕ್ಕಿಂತ ಸಮೀಪದ ಪ್ರಮಾಣ ಬೇಕೇ? ಎಲ್ಲರಲ್ಲೂ ಒಂದೇ ಆತ್ಮವಿದ್ದಿದ್ದರೆ ಒಬ್ಬನ ಸುಖದುಃಖಗಳ ಅನುಸಂಧಾನವು ಎಲ್ಲರಿಗೂ ಆಗಬೇಕಾಗುತ್ತಿತ್ತು.

ಆದುದರಿಂದ ಹತ್ತು ಸಾವಿರ ಜನ ಸೇರಿದಾಗ ಹನ್ನೊಂದನೆಯ ಸಾವಿರದಂತೆ ಹೊಸದೊಂದು ಚೈತನ್ಯವು ಹುಟ್ಟುವುದಿಲ್ಲ. ಅಲ್ಲಿರುವುದು ಹತ್ತು ಸಾವಿರ ಸಾಕ್ಷಿಗಳು, ಹತ್ತು ಸಾವಿರ ಮನಸ್ಸುಗಳು. ಮನಸ್ಸಿನ ವೃತ್ತಿಗಳು ಒಬ್ಬರಿಂದ ಒಬ್ಬರಿಗೆ ಬೆಂಕಿಯಂತೆ ಹಬ್ಬಬಲ್ಲವು. ಭಯ, ರೋಷ, ಉತ್ಸಾಹಗಳು ಹೀಗೆಯೇ ಹಬ್ಬುತ್ತವೆ. ಆದರೆ ಸಾಕ್ಷಿಯು ಹಬ್ಬುವ ವಸ್ತುವಲ್ಲ. ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಇನ್ನೊಬ್ಬರಿಂದ ಪಡೆಯುವಂತಿಲ್ಲ. ಗುಂಪಿಗೆ ಮನೋವೃತ್ತಿಯುಂಟು, ಸಾಕ್ಷಿಯಿಲ್ಲ. ಸಿದ್ಧಾಂತದ ದೃಷ್ಟಿಯಿಂದ ವಿಷಯದ ತಿರುಳು ಇಷ್ಟೇ.

ನರಗುಂದ ಕಂಡ ಎರಡು "ನಾವು"

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನರಗುಂದವು ಬಂಡಾಯದ ಊರೆಂದು ಹೆಸರಾದುದು. 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬ ಭಾವೆಯವರು ಆಂಗ್ಲರನ್ನು ಎದುರಿಸಿ, ಅದೇ ವರ್ಷದ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲ್ಪಟ್ಟರು. ಅದನ್ನು ಕಣ್ಣಾರೆ ಕಂಡವರು ಇಂದು ಯಾರೂ ಉಳಿದಿಲ್ಲ. ಆದರೂ ಊರಿಗೆ ಅದು ನೆನಪಿದೆ ಎನ್ನುತ್ತೇವೆ. ಆ ನೆನಪು ಕೋಟೆಯ ಕಲ್ಲಿನಲ್ಲಿಲ್ಲ. ಅಜ್ಜಿಯ ಬಾಯಿಂದ ಮೊಮ್ಮಗನ ಕಿವಿಗೆ, ಅವನಿಂದ ಅವನ ಮಕ್ಕಳಿಗೆ ಹೀಗೆ ಒಬ್ಬೊಬ್ಬ ಜೀವನ ಮನಸ್ಸಿನಲ್ಲಿ ಸಂಸ್ಕಾರವಾಗಿ ಹರಿದುಬಂದಿದೆ. ಹೇಳುವವರು ಹೇಳದಿದ್ದರೆ, ಕೇಳುವವರು ಕೇಳದಿದ್ದರೆ, ಒಂದೇ ತಲೆಮಾರಿನಲ್ಲಿ ಊರು ತನ್ನನ್ನು ತಾನು ಮರೆಯುವುದು.

ಇನ್ನೂ ಸಮೀಪದ ಘಟನೆಯನ್ನು ನೋಡೋಣ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟಾಗಿ ಕಾಲುವೆಗಳು ನಮ್ಮ ಕರಿಮಣ್ಣಿನ ಹೊಲಗಳತ್ತ ಬಂದವು. ನೀರಿನ ಹಿಂದೆಯೇ ಬೆಟರ್‌ಮೆಂಟ್ ಲೆವಿ ಎಂಬ ಕರದ ಆಜ್ಞೆಯೂ ಬಂದಿತು. ನೀರು ತಲುಪದ ಹೊಲಕ್ಕೂ ಕರ ಬಿತ್ತೆಂದು ರೈತರು ದೂರಿದರು. ಹತ್ತಿಯ ಬೆಲೆಯೂ ಕುಸಿದಿತ್ತು. ಮೊದಲು ಒಬ್ಬೊಬ್ಬ ರೈತನೂ ಇದನ್ನು ತನ್ನ ಹಣೆಬರಹವೆಂದೇ ಭಾವಿಸಿದ್ದಿರಬೇಕು. "ನನಗೆ ಹೀಗಾಗಿದೆ" ಎಂದು ಒಬ್ಬನು ಹೇಳಿದಾಗ "ನನಗೂ ಹೀಗೆಯೇ" ಎಂದು ಇನ್ನೊಬ್ಬನು ಹೇಳಿದನು. ಹೀಗೆ ತಮ್ಮ ತಮ್ಮ ದುಃಖವನ್ನು ತಾವೇ ಅರಿತು, ಬಾಯಿಬಿಟ್ಟು ಹೇಳಿ, ಲೆಕ್ಕವಿಟ್ಟು ಬೇಡಿಕೆಯಾಗಿ ಬರೆದಾಗ ರೈತಸಮುದಾಯವು ತನ್ನ ಸ್ಥಿತಿಯನ್ನು ತಾನು ತಿಳಿಯಿತು. ಇಲ್ಲಿ "ನಾವು" ಎಂಬುದು ಅನೇಕ "ನಾನು"ಗಳು ಎಚ್ಚರಗೊಂಡುದರಿಂದ ಹುಟ್ಟಿತು.

1980ನೆಯ ಇಸವಿ ಜುಲೈ 21. ಆಷಾಢ ಶುಕ್ಲಪಕ್ಷದ ದಿನ, ಪ್ರಥಮೈಕಾದಶಿಯು ಸಮೀಪಿಸಿತ್ತು. ಅಂದು ನರಗುಂದ ನವಲಗುಂದಗಳಲ್ಲಿ ನಡೆದುದು ನಮ್ಮ ಹಿರಿಯರಿಗೆ ನೆನಪಿದೆ. ಗೋಲಿಬಾರಾಯಿತು, ರೈತರು ಪ್ರಾಣ ಬಿಟ್ಟರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಎರಡೂ ಕಡೆ ತಾಯಂದಿರು ಅತ್ತರು. ಆ ಕಿಚ್ಚು ರಾಜ್ಯವನ್ನೆಲ್ಲ ವ್ಯಾಪಿಸಿ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಸ್ಥಾಪನೆಯಾಯಿತು. 1983ರ ಚುನಾವಣೆಯಲ್ಲಿ ಸರಕಾರವೇ ಬದಲಾಯಿತು. ಇಂದಿಗೂ ಜುಲೈ 21ರಂದು ನರಗುಂದದಲ್ಲಿ ರೈತರು ಸೇರಿ ಹುತಾತ್ಮರನ್ನು ಸ್ಮರಿಸುತ್ತಾರೆ.

ರಾಜಕೀಯದ ತೀರ್ಪು ನಮಗೆ ಬೇಡ. ಆ ಹೋರಾಟದ ನ್ಯಾಯವನ್ನು ಅಲ್ಲಗಳೆಯುವುದೂ ನಮ್ಮ ಉದ್ದೇಶವಲ್ಲ. ನಾವು ನೋಡತಕ್ಕದ್ದು ಒಂದನ್ನೇ. ತಿಂಗಳುಗಟ್ಟಲೆ ತನ್ನ ನೋವನ್ನು ಅರಿತು ಮಾತನಾಡಿದ ಸಮುದಾಯವೂ ಆ ಪ್ರದೇಶದ ಜನರದೇ. ಕೆಲವು ಗಳಿಗೆಗಳಲ್ಲಿ ಮನುಷ್ಯನನ್ನು ಕೊಂದ ಗುಂಪೂ ಆ ಪ್ರದೇಶದ್ದೇ. ಮೊದಲನೆಯ "ನಾವು" "ನಾನು" ಎಚ್ಚರವಾಗಿದ್ದಾಗ ಆದುದು. ಎರಡನೆಯದು "ನಾನು" ಮರೆಯಾದಾಗ ಆದುದು. ಗುಂಡು ಹಾರಿಸಿದ ಕಡೆಯಲ್ಲಿಯೂ ಹೀಗೆಯೇ: "ಆಜ್ಞೆ ಬಂದಿತು" ಎಂಬ ಮಾತಿನಲ್ಲಿ ಒಬ್ಬೊಬ್ಬನ "ನಾನು" ಅಡಗಿಕೊಳ್ಳುವುದು. "ಯಾರು ಕೊಂದರು?" ಎಂದು ಕೇಳಿದರೆ ಲೋಕದ ಉತ್ತರ "ಗುಂಪು" ಎಂದು. ಕರ್ಮವಿಚಾರದಲ್ಲಿ ಅಂಥ ಉತ್ತರಕ್ಕೆ ಎಡೆಯಿಲ್ಲ. ಪುಣ್ಯಪಾಪಗಳ ಲೇಪವು ಜೀವನಿಗೇ ಹೊರತು ಗುಂಪೆಂಬ ಹೆಸರಿಗಲ್ಲ. ರಾತ್ರಿ ಮನೆಗೆ ಮರಳಿ ಕೈ ತೊಳೆದುಕೊಂಡವನ ಸಾಕ್ಷಿಗೆ ತನ್ನ ಕೈ ಏನು ಮಾಡಿತೆಂಬುದು ಗೊತ್ತೇ ಇರುವುದು.

ಸಭೆಯ ಮೌನ

ಗುಂಪೆಂದರೆ ಕಲ್ಲೆಸೆಯುವ ಜನರೆಂದಷ್ಟೇ ತಿಳಿಯಬಾರದು. ಸುಮ್ಮನೆ ಕುಳಿತ ಸಭೆಯೂ ಗುಂಪಾಗಬಲ್ಲುದು.

ರೋಣಕ್ಕೆ ದ್ರೋಣಪುರವೆಂಬ ಹೆಸರಿತ್ತೆಂದೂ, ಅದು ದ್ರೋಣಾಚಾರ್ಯರ ನೆನಪಿನದೆಂದೂ ಪ್ರತೀತಿಯಿದೆ. ಆ ದ್ರೋಣಾಚಾರ್ಯರು ಕುಳಿತಿದ್ದ ಸಭೆಯಲ್ಲಿಯೇ ದ್ರೌಪದೀದೇವಿಯರಿಗೆ ಅವಮಾನವಾಯಿತು. ಭೀಷ್ಮರಿದ್ದರು, ಕೃಪರಿದ್ದರು, ಧರ್ಮಶಾಸ್ತ್ರ ಬಲ್ಲವರಿಗೆ ಕೊರತೆಯಿರಲಿಲ್ಲ. ದೇವಿಯರು ಕೇಳಿದುದು ಧರ್ಮದ ಪ್ರಶ್ನೆ. ಒಬ್ಬರು ಇನ್ನೊಬ್ಬರ ಮುಖವನ್ನು ನೋಡಿದರು, ಸಭೆಯು ಸುಮ್ಮನಾಯಿತು. ಆ ಮೌನದಲ್ಲಿ ಎದ್ದು ಮಾತನಾಡಿದವರು ಕೆಲವರೇ. ವಿದುರರು ಎಚ್ಚರಿಸಿದರು. ಕೌರವರ ಪಕ್ಷದಲ್ಲಿಯೇ ಹುಟ್ಟಿದ ವಿಕರ್ಣನು ಎದ್ದು ಇದು ಅಧರ್ಮವೆಂದನು. ಭೀಮಸೇನದೇವರ ಕ್ರೋಧವನ್ನು ಎಲ್ಲರೂ ಬಲ್ಲರು. ಸಭೆಯಲ್ಲಿದ್ದು ಪ್ರಶ್ನೆಗೆ ಉತ್ತರ ಹೇಳದವನಿಗೂ ಪಾಪದ ಪಾಲು ಉಂಟೆಂದು ವಿದುರರು ತಿಳಿಸಿದುದು ಮಹಾಭಾರತದಲ್ಲಿದೆ. ಸಭೆಯೆಲ್ಲ ಮೌನವಾಗಿತ್ತು ಎಂಬುದು ಯಾರೊಬ್ಬರ ಮೌನಕ್ಕೂ ಸಮಾಧಾನವಾಗಲಿಲ್ಲ.

ಈಗ ನಮ್ಮ ಮನೆಗಳತ್ತ ದೃಷ್ಟಿ ಹರಿಸೋಣ. "ನಮ್ಮಲ್ಲಿ ಪದ್ಧತಿ ಹೀಗೆ" ಎಂಬ ಮಾತು ನಮಗೆ ಎಷ್ಟು ಸುಲಭವಾಗಿ ಬರುತ್ತದೆ! ಸ್ನಾನ, ಸಂಧ್ಯೆ, ಏಕಾದಶಿಗಳ ವಿಷಯದಲ್ಲಿ ಈ ಮಾತು ಶೋಭಿಸುವುದು. ಶಾಸ್ತ್ರ ಅದರ ಹಿಂದಿದೆ. ಆದರೆ ಕನ್ಯಾಪಿತೃವಿನಿಂದ ಹಣ ಕೇಳುವಾಗಲೂ ಅದೇ ಮಾತು. 1961ರಿಂದ ವರದಕ್ಷಿಣೆ ಕಾಯಿದೆಯಿಂದ ನಿಷಿದ್ಧ. ಶಾಸ್ತ್ರದಲ್ಲಂತೂ ಕನ್ಯೆಯನ್ನು ದಾನವಾಗಿ ಕೊಡುವವನನ್ನು ಪೀಡಿಸುವ ವಿಧಿ ಎಲ್ಲಿಯೂ ಇಲ್ಲ. ಕೇಳಿದ ಮಾವನನ್ನು ವಿಚಾರಿಸಿದರೆ "ನನಗೇನೂ ಬೇಡ, ನಾಲ್ಕು ಜನ ನೋಡುತ್ತಾರಲ್ಲ" ಎನ್ನುವನು. ಆ ನಾಲ್ಕು ಜನರನ್ನು ಕೇಳಿದರೆ ಅವರೂ ಬೇರೆ ನಾಲ್ಕು ಜನರತ್ತ ಕೈ ತೋರುವರು. ಕೊನೆಗೆ ಹಣ ಕೇಳಿದವರು ಯಾರೂ ಇಲ್ಲ. ಸಾಲ ಮಾಡಿದ ತಂದೆ ಮಾತ್ರ ಉಳಿಯುವನು.

ಇನ್ನೊಂದು ವಿಷಯ. ಮಕ್ಕಳು ಬೆಂಗಳೂರು, ಪುಣೆ, ಪರದೇಶಗಳಿಗೆ ಹೋದುದರಿಂದ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ವೃದ್ಧ ದಂಪತಿಗಳಷ್ಟೇ ಉಳಿದಿದ್ದಾರೆ. "ಈಗ ಎಲ್ಲರ ಮನೆಯಲ್ಲಿಯೂ ಹೀಗೆಯೇ" ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಎಲ್ಲರ ಮನೆಯಲ್ಲಿಯೂ ಹೀಗಿರುವುದರಿಂದ ಒಬ್ಬ ತಾಯಿಯ ಒಂಟಿತನವು ಕಡಿಮೆಯಾಗುವುದೇ? ಅವಳ ದುಃಖ ಅವಳ ಸಾಕ್ಷಿಗೆ ವೇದ್ಯ. ಅದು ಹಂಚಿಹೋಗುವ ವಸ್ತುವಲ್ಲ. ನೆರೆಮನೆಯವರು ವಾರಕ್ಕೊಮ್ಮೆ ಹೋಗಿ ಕುಳಿತು ನಾಲ್ಕು ಮಾತಾಡಿದರೆ ಅದು ಸಮಾಜಸೇವೆಯೆಂಬ ದೊಡ್ಡ ಹೆಸರಿಲ್ಲದ ಭಗವತ್ಪೂಜೆಯೇ ಸರಿ.

ಈ ಕಾಲದ ಕೈಯಂತ್ರವನ್ನೂ ಹೇಳದೆ ಬಿಡಲಾಗದು. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಓದಿ, ಕೋಪಗೊಂಡು, ಅರೆಗಳಿಗೆಯಲ್ಲಿ ಐವತ್ತು ಜನರಿಗೆ ದಾಟಿಸುತ್ತೇವೆ. ಯಾರ ಮೇಲೋ ಅಪವಾದ, ಯಾವುದೋ ಮತದವರ ಮೇಲೆ ರೋಷ. ನಿಜವೇ ಎಂದು ಕೇಳಿದರೆ "ಎಲ್ಲರೂ ಕಳಿಸಿದ್ದರು" ಎಂಬ ಉತ್ತರ. ನಮ್ಮ ಸಿದ್ಧಾಂತವು ಪ್ರಮಾಣಪ್ರಧಾನವಾದುದು. ವಸ್ತುವು ಹೇಗಿದೆಯೋ ಹಾಗೆ ತಿಳಿಸುವುದೇ ಪ್ರಮಾಣ. ಎಷ್ಟು ಜನ ಹೇಳಿದರೆಂಬುದು ಪ್ರಮಾಣದ ಲಕ್ಷಣದಲ್ಲಿ ಸೇರಿಲ್ಲ. ಪ್ರಮಾಣಲಕ್ಷಣವನ್ನು ಪಾಠ ಹೇಳಿಸಿಕೊಂಡ ಮನೆತನಗಳು ಪರೀಕ್ಷೆಯಿಲ್ಲದ ಮಾತನ್ನು ಹರಡುವುದು ವಿದ್ಯೆಗೆ ಅಪಚಾರ.

ಹಾಗಾದರೆ ಸತ್ಸಂಗವೇಕೆ?

ಇಲ್ಲೊಂದು ಆಕ್ಷೇಪವು ಬರಬಹುದು. ಜೀವರು ಪರಸ್ಪರ ಭಿನ್ನರು, ಗುಂಪಿಗೆ ಸಾಕ್ಷಿಯಿಲ್ಲ ಎಂದಾದರೆ ಭಜನೆಗೇಕೆ ಸೇರಬೇಕು? ಒಬ್ಬೊಬ್ಬರೂ ತಮ್ಮ ಮನೆಯಲ್ಲಿಯೇ ಜಪ ಮಾಡಬಾರದೇ?

ಸಮಾಧಾನವು ಹೀಗೆ: ಜೀವರು ಭಿನ್ನರಾದರೂ ಅವರೆಲ್ಲರ ಒಳಗಿರುವ ಅಂತರ್ಯಾಮಿಯು ಒಬ್ಬನೇ. ಬಿಂಬನಾದ ಶ್ರೀಹರಿಯು ಸಕಲ ಜೀವರಲ್ಲಿಯೂ ಪೂರ್ಣನಾಗಿಯೇ ಇದ್ದಾನೆ. ಮುಖ್ಯಪ್ರಾಣದೇವರು ಎಲ್ಲರಲ್ಲಿಯೂ ಶ್ವಾಸವನ್ನು ನಡೆಸುತ್ತಾರೆ. ಅಹಂಕಾರತತ್ತ್ವಕ್ಕೆ ಗರುಡಶೇಷರುದ್ರರು ಅಭಿಮಾನಿಗಳು; "ನಾನು" ಎನ್ನುವ ವೃತ್ತಿಯೂ ದೇವತೆಗಳ ಪ್ರೇರಣೆಯಿಂದಲೇ ನಡೆಯುವುದು. ಎಲ್ಲರ ಮನಸ್ಸನ್ನೂ ಏಕಕಾಲದಲ್ಲಿ ಬಲ್ಲವನು ಒಬ್ಬನುಂಟು. ಅವನು ಸಮಾಜವಲ್ಲ, ಸರ್ವಜ್ಞನಾದ ನಾರಾಯಣ. ಪಾಶ್ಚಾತ್ಯ ಪಂಡಿತರು ಸಮಾಜದಲ್ಲಿ ಹುಡುಕಿದ ಐಕ್ಯವನ್ನು ನಮ್ಮ ಹಿರಿಯರು ಅಂತರ್ಯಾಮಿಯಲ್ಲಿ ಕಂಡರು. ಸಮಾಜವೇ ಸರ್ವಜ್ಞವೆಂದು ತಿಳಿದರೆ ಸಮಾಜ ಹೇಳಿದ್ದೇ ಧರ್ಮವಾಗಿಬಿಡುವುದು. ಅಂತರ್ಯಾಮಿಯು ಸರ್ವಜ್ಞನೆಂದು ತಿಳಿದರೆ ಸಮಾಜವೂ ಒಬ್ಬನಿಗೆ ಉತ್ತರ ಹೇಳಬೇಕಾಗುವುದು.

ರೋಣದಲ್ಲಿ 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರನ್ನು ಅರಿಯದವರಾರು? ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಆ ಮಹಾಗಾಯಕರು ದಾಸರ ಪದಗಳನ್ನು ಹಾಡುವಾಗ ಸಭೆಯಲ್ಲಿ ಸಾವಿರಾರು ಜನ ಕುಳಿತಿರುತ್ತಿದ್ದರು. ಸ್ವರ ಒಂದೇ, ತಾಳ ಒಂದೇ. ಆದರೂ ಮಗನನ್ನು ಕಳೆದುಕೊಂಡವಳು ಕೇಳಿದ ಪದವೇ ಬೇರೆ, ನಿನ್ನೆ ಮದುವೆಯಾದವನು ಕೇಳಿದ ಪದವೇ ಬೇರೆ. ಅಲ್ಲಿ ಯಾರೂ ತಮ್ಮನ್ನು ಮರೆಯಲಿಲ್ಲ. ತಮ್ಮ ತಮ್ಮ ಹೃದಯದ ಬಾಗಿಲನ್ನು ತಾವೇ ತೆರೆದುಕೊಂಡರು. ಕಣ್ಣೀರು ಅವರವರದು; ಅದು ಹರಿದ ಕಡೆ ಒಂದೇ. ಸತ್ಸಂಗವೆಂದರೆ ಇದೇ. ಒಬ್ಬನಿಗೆ ತಿಳಿಯದ ಅರ್ಥ ಇನ್ನೊಬ್ಬನಿಗೆ ತಿಳಿದಿರುತ್ತದೆ. ಒಬ್ಬನು ಬಾಡಿದಾಗ ಇನ್ನೊಬ್ಬನು ಎತ್ತಿ ಹಿಡಿಯುತ್ತಾನೆ. ತಾರತಮ್ಯವನ್ನು ಅರಿತು ಹಿರಿಯರಿಂದ ಕಿರಿಯರು ಕಲಿಯುತ್ತಾರೆ. ಸತ್ಸಂಗದಿಂದ ಹೊರಬಂದವನಿಗೆ ತನ್ನ ದೋಷವು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಗುಂಪಿನಿಂದ ಹೊರಬಂದವನಿಗೆ ಬೇರೆಯವರ ದೋಷ ಮಾತ್ರ ಕಾಣುತ್ತದೆ. ನಾವು ಎಲ್ಲಿ ಕುಳಿತಿದ್ದೆವೆಂಬುದನ್ನು ಈ ಒಂದು ಗುರುತಿನಿಂದ ಪರೀಕ್ಷಿಸಿಕೊಳ್ಳಬಹುದು.

ಮುದ್ರೆಯ ಪಾಠ

ತಪ್ತಮುದ್ರಾಧಾರಣೆಯ ದಿನ ಉದ್ದನೆಯ ಸಾಲು ನಿಲ್ಲುವುದು. ವೃದ್ಧರು, ಮಕ್ಕಳು, ಸ್ತ್ರೀಯರು ಎಲ್ಲರೂ ಆ ಸಾಲಿನಲ್ಲಿರುವರು. ಆದರೆ ಶಂಖಚಕ್ರಗಳ ಮುದ್ರೆಯನ್ನು ಸಾಲಿಗೆ ಒತ್ತುವುದಿಲ್ಲ. ಒಬ್ಬೊಬ್ಬರ ತೋಳಿಗೆ ಒತ್ತುವರು. ಆ ಕ್ಷಣದ ಬಿಸಿಯನ್ನು ತಂದೆಯ ಪರವಾಗಿ ಮಗನು ಅನುಭವಿಸಲಾರ. ಏಕಾದಶಿಯೂ ಹಾಗೆಯೇ. ಮನೆಮಂದಿಯೆಲ್ಲ ಉಪವಾಸವಿದ್ದರೂ ಹಸಿವು ಅವರವರ ಹೊಟ್ಟೆಯದು. ನಾವು ದಿನವೂ ಹೇಳುವ ಸಂಕಲ್ಪವನ್ನೇ ನೋಡಿರಿ. ಕಾಲವನ್ನೂ ದೇಶವನ್ನೂ ಸಂವತ್ಸರ ತಿಥಿ ವಾರಗಳನ್ನೂ ಹೇಳಿ, ಗೋತ್ರನಾಮಗಳನ್ನು ಹೇಳಿ, ಕುಟುಂಬವನ್ನು ಸೇರಿಸಿಕೊಂಡು, ಮಾಡುವ ಕರ್ಮವನ್ನು ಹರಿಪ್ರೀತಿಗಾಗಿ ಎಂದು ಹೇಳುತ್ತೇವೆ. ಇಂಥ ನಾನು, ಇಂಥ ಊರಿನಲ್ಲಿ, ಇಂಥವರ ನಡುವೆ, ಈ ಕೆಲಸವನ್ನು ಮಾಡುತ್ತಿದ್ದೇನೆ ಎಂಬ ಎಚ್ಚರವೇ ಸಂಕಲ್ಪ. ಗುಂಪಿನಲ್ಲಿ ನಡೆದ ಕೆಡುಕಿಗೆ ಯಾರೂ ಹೀಗೆ ಹೆಸರು ಗೋತ್ರ ಹೇಳಿ ಸಂಕಲ್ಪ ಮಾಡಿರುವುದಿಲ್ಲ!

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳ ವ್ರತದೊಡನೆ ಇನ್ನೊಂದು ಸಣ್ಣ ನಿಯಮವನ್ನು ಇಟ್ಟುಕೊಳ್ಳಬೇಕೆಂದು ವಿನಂತಿ. ರಾತ್ರಿ ಮಲಗುವ ಮುನ್ನ, ಆ ದಿನ "ಎಲ್ಲರೂ" ಎಂಬ ಮಾತಿನ ಮರೆಯಲ್ಲಿ ನಾನು ಏನು ಮಾಡಿದೆ, ಏನು ಹೇಳದೆ ಬಿಟ್ಟೆ ಎಂದು ಸಾಕ್ಷಿಯನ್ನು ಕೇಳಿಕೊಳ್ಳುವುದು. ಉತ್ತರ ಬರುವುದಕ್ಕೆ ಬಹಳ ಹೊತ್ತಾಗದು. ಬಂದ ಉತ್ತರವನ್ನು ಅಂತರ್ಯಾಮಿಗೆ ಒಪ್ಪಿಸಿ, ಮರುದಿನ ತಿದ್ದಿಕೊಳ್ಳುವ ಬಲವನ್ನು ಬೇಡುವುದು. ಕುಟುಂಬದಲ್ಲಿ ಒಬ್ಬರು ಹೀಗೆ ಮಾಡಿದರೂ ಆ ಮನೆಯ ಮಾತುಕತೆಯೇ ಬದಲಾಗುವುದು. ಹತ್ತು ಮನೆಗಳಲ್ಲಿ ಹೀಗಾದರೆ ಊರು ತನ್ನನ್ನು ತಾನು ಅರಿಯತೊಡಗುವುದು. ಅದಕ್ಕೆ ಬೇರೆ ದಾರಿಯಿಲ್ಲ.

ಗಜೇಂದ್ರಗಡದ ಬೆಟ್ಟವು ಆನೆಯ ಆಕಾರದಲ್ಲಿದೆ ಎನ್ನುವರು. ಆ ಹೆಸರನ್ನು ಕೇಳಿದೊಡನೆ ಭಾಗವತದ ಎಂಟನೆಯ ಸ್ಕಂಧವು ನೆನಪಾಗದೆ ಇರದು. ತ್ರಿಕೂಟಪರ್ವತದ ಸರೋವರಕ್ಕೆ ಗಜೇಂದ್ರನು ಒಂಟಿಯಾಗಿ ಬಂದಿರಲಿಲ್ಲ. ದೊಡ್ಡ ಹಿಂಡೇ ಅವನೊಡನೆ ಇತ್ತು, ಅವನೇ ಅದರ ಒಡೆಯ. ಮೊಸಳೆಯು ಕಾಲನ್ನು ಹಿಡಿದಾಗ ಹಿಂಡು ಎಳೆದು ನೋಡಿತು, ಗೋಳಿಟ್ಟಿತು; ಬಿಡಿಸಲಾರದೆ ಹೋಯಿತು. ಸಾವಿರ ವರ್ಷ ಸೆಣಸಿ ಬಲಗುಂದಿದ ಮೇಲೆ ಅವನು ಹಿಂಡಿನತ್ತ ನೋಡಲಿಲ್ಲ, ಹಿಂಡನ್ನು ದೂರಲೂ ಇಲ್ಲ. ತನ್ನ ಅಸಹಾಯತೆಯನ್ನು ತಾನು ಅರಿತನು. ಹಿಂದಿನ ಜನ್ಮದಲ್ಲಿ ಕಲಿತ ಸ್ತುತಿಯು ನೆನಪಿಗೆ ಬಂದಿತು. ಸೊಂಡಿಲಿನಲ್ಲಿ ಒಂದು ತಾವರೆಯನ್ನು ಎತ್ತಿ ಕರೆದನು. ಶ್ರೀಹರಿಯು ಗರುಡನನ್ನೇರಿ ಬಂದುದು ಆ ಒಂದು ಕರೆಗೆ.

ಅಂಥ ಕರೆಯು ನಮ್ಮಲ್ಲಿ ಒಬ್ಬೊಬ್ಬರಿಂದಲೂ ಹೊರಡಲಿ ಎಂದು ಪ್ರಾರ್ಥಿಸಿ, ಈ ವಾಕ್ಸೇವೆಯನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಲಕ್ಷ್ಮೀನಾರಾಯಣನ ಪಾದಾರವಿಂದಗಳಲ್ಲಿ ಸಮರ್ಪಿಸಲಾಗಿದೆ.

॥ ಶ್ರೀಕೃಷ್ಣಾರ್ಪಣಮಸ್ತು ॥